ಅಪ್ಪ-ಅವ್ವ ಇರುವ ಮನೆಯಲ್ಲಿ ಏಳಡಿ ಬೋವಾ: ವಿಜಯಪುರದಲ್ಲಿ ನಾನು ಮಾಡಿಕೊಂಡ ವ್ಯವಸ್ಥೆ

ದೊಡ್ಡ ಹಾವು ಸಾಕುವವನಿಗೆ ಹಾವಿನ ಕೆಲಸ ವಾರಕ್ಕೆ ಎರಡು ತಾಸು ಇದ್ದರೆ ಹೆಚ್ಚು. ಉಳಿದದ್ದೆಲ್ಲ ಮನೆಯ ಕೆಲಸ: ಅಪ್ಪನ ಕರೆಂಟ್ ಬಿಲ್ಲು, ಅವ್ವನ ಫಿನೈಲು, ಅಡುಗೆಮನೆಯ ಫ್ರಿಜ್ಜು, ಪಂಚಮಿಗೆ ಬರುವ ಅಕ್ಕನ ಮಕ್ಕಳು. ನನ್ನದು ಹೆಣ್ಣು ಬೋವಾ ಕನ್‌ಸ್ಟ್ರಿಕ್ಟರ್, ಏಳು ಅಡಿ, ಏಳು ಕಿಲೋ ಚಿಲ್ಲರೆ. ಕೆಳಗೆ ಬರೆದದ್ದು ಈ ಗಾತ್ರದ ಹಾವಿಗೆ, ಈ ಊರಿನ ಬಿಸಿಲಿಗೆ, ಕಾಯಿಪಲ್ಲೆ ಬಿಟ್ಟು ಬೇರೇನೂ ಬೇಯದ ಮನೆಗೆ ಕೂಡಿಬಂದ ಲೆಕ್ಕ.

ಮೊದಲು ಕಾಗದಪತ್ರ. ನಮ್ಮ ಹೊಲಗದ್ದೆಯ ಹೆಬ್ಬಾವು, ಕೇರೆ, ಮಣ್ಣುಮುಕ್ಕ ಯಾವುದನ್ನೂ ಸಾಕುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಬರ್ಮೀಸ್ ಹೆಬ್ಬಾವು, ರೆಟಿಕ್ಯುಲೇಟೆಡ್ ಹೆಬ್ಬಾವು "ಫಾರಿನ್ ಮಾಲು" ಎಂದು ಯಾರಾದರೂ ತೋರಿಸಿದರೆ ನಂಬಬೇಡಿ. ಎರಡೂ ನಮ್ಮ ಈಶಾನ್ಯ ರಾಜ್ಯಗಳ ಕಾಡಿನಲ್ಲಿವೆ, ಅವಕ್ಕೂ ಅದೇ ಕಾಯ್ದೆ. ಬೋವಾ ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹಿಡಿತದಲ್ಲಿಡುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. 2022ರ ತಿದ್ದುಪಡಿಯಲ್ಲಿ ಇಂಥ ಪ್ರಾಣಿಗಳಿಗೆಂದೇ ನಾಲ್ಕನೇ ಅನುಸೂಚಿ ಬಂತು, 2024ರ ಫೆಬ್ರುವರಿಯಲ್ಲಿ ನೋಂದಣಿಯ ನಿಯಮಗಳೂ ಬಂದವು. ಈಗ ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮರಿ ಹಾಕಿದರೂ ಸತ್ತರೂ ತಿಳಿಸಬೇಕು. ಅರ್ಜಿಯಲ್ಲಿ ಬರೆಯುವ ವಿಳಾಸ ಅಪ್ಪನ ಮನೆಯದು, ನೋಡಲು ಅರಣ್ಯ ಇಲಾಖೆಯವರು ಬಂದರೆ ಬಾಗಿಲು ತೆಗೆಯುವವಳು ಅವ್ವ. ಆದ್ದರಿಂದ ಹಿರಿಯರಿಗೆ ಗೊತ್ತಾಗದಂತೆ ತಂದು ಆಮೇಲೆ ಹೇಳುವ ಯೋಚನೆ ಇದ್ದರೆ ಇಲ್ಲಿಗೇ ಬಿಡಿ. ಒಪ್ಪಿಗೆ ಕೇಳುವಾಗ ಮುಚ್ಚಿಡಬಾರದ ಇನ್ನೊಂದು ಮಾತು ಆಯುಷ್ಯ. ಚೆನ್ನಾಗಿ ನೋಡಿಕೊಂಡ ಬೋವಾ 25ರಿಂದ 30 ವರ್ಷ ಬಾಳುತ್ತದೆ. ಮದುವೆ, ವರ್ಗಾವಣೆ, ಅಪ್ಪನ ಮುಪ್ಪು ಎಲ್ಲವೂ ಆ ಲೆಕ್ಕದೊಳಗೇ ಬರುತ್ತವೆ.

ಕೋಣೆ ಆರಿಸುವಾಗ ಮಾಳಿಗೆ ಮೇಲಿನದು ಬೇಡ. ಆರ್‌ಸಿಸಿ ಸ್ಲ್ಯಾಬಿನ ಕೆಳಗೆ ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ದಾಟುತ್ತದೆ, ರಾತ್ರಿ ಹತ್ತಾದರೂ ಇಳಿಯುವುದಿಲ್ಲ. ನೆಲಮಹಡಿಯ, ಪಡುವಣ ಬಿಸಿಲು ಬೀಳದ ಸಣ್ಣ ಕೋಣೆ ಸಾಕು. ಹಾವು ತರುವ ಮುಂಚೆ ಈ ಕೋಣೆಯನ್ನೇ ಎರಡನೇ ಗೂಡು ಮಾಡಬೇಕು. ಬಾಗಿಲ ಕೆಳಗಿನ ಸಂದಿಗೆ ಅಲ್ಯೂಮಿನಿಯಂ ಪಟ್ಟಿಯ ರಬ್ಬರು, ಕಿಟಕಿಗೆ ಸ್ಟೀಲ್ ಜಾಳಿಗೆ, ನೀರು ಹೋಗುವ ತೂತಿಗೆ ಸ್ಕ್ರೂ ಹಾಕಿದ ಸ್ಟೀಲ್ ಜಾಲಿ, ವೈರು ಬಂದ ತೂತಿಗೆ ಸಿಮೆಂಟು. ತಲೆ ತೂರಿದಲ್ಲಿ ಹಾವಿನ ಮೈಯೂ ಹೆಚ್ಚುಕಡಿಮೆ ತೂರುತ್ತದೆ. ಮರಿ ಬೋವಾಕ್ಕೆ ಒಂದು ಬೆರಳಿನ ಸಂದಿ ಹೆದ್ದಾರಿ.

ಗೂಡು ಆರು ಅಡಿ ಉದ್ದ, ಮೂರು ಅಡಿ ಅಗಲ, ಎರಡು ಅಡಿ ಎತ್ತರ. ಎಂಟು ಅಡಿಗೆ ಜಾಗವಿದ್ದರೆ ಎಂಟೇ ಮಾಡಿಸಿ. 18 ಎಂಎಂ ವಾಟರ್‌ಪ್ರೂಫ್ ಪ್ಲೈವುಡ್, ಒಳಮೈಗೆ ಸನ್‌ಮೈಕಾ, ಮೂಲೆಗಳಿಗೆಲ್ಲ ಸಿಲಿಕಾನ್. ಹುಳಿ ವಾಸನೆ ಪೂರಾ ಹೋಗುವವರೆಗೆ, ಅಂದರೆ ಕನಿಷ್ಠ ಒಂದು ವಾರ, ಹಾವು ಬಿಡಬಾರದು. ಮುಂದೆ ಎರಡು ಪದರದ ಸರಿಯುವ ಗಾಜು, 6 ಎಂಎಂ ಟಫನ್ಡ್. ಇದಕ್ಕೆ ಬಂಗಾರದಂಗಡಿ ಶೋಕೇಸಿಗೆ ಹಾಕುವ ಹಲ್ಲಿನ ಪಟ್ಟಿಯ ಬೀಗವೇ ಸರಿ. ಎರಡು ಗಾಜು ಒಂದರ ಮೇಲೊಂದು ಬರುವಲ್ಲಿ ಐದಾರು ಎಂಎಂ ಸಂದಿ ಉಳಿಯುತ್ತದೆ, ಮರಿ ಇದ್ದಾಗ ಅಲ್ಲಿ ರಬ್ಬರ್ ಪಟ್ಟಿ ಅಂಟಿಸಬೇಕು. ಬಡಿಗರು ಗಾಳಿಗೆಂದು ದೊಡ್ಡ ಜಾಳಿಗೆ ಕೂರಿಸಲು ನೋಡುತ್ತಾರೆ. ಎರಡೂ ಬದಿಗೆ 3×12 ಇಂಚಿನ ಒಂದೊಂದು ಸಾಕು, ಹೆಚ್ಚಾದರೆ ತೇವ ನಿಲ್ಲುವುದಿಲ್ಲ.

ಬಿಸಿಯ ಭಾಗವೇ ಎಲ್ಲರೂ ಎಡವುವ ಜಾಗ. ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ, ಬಲ್ಬಿನಂತೆ ಹಾಕುವ 100 ವ್ಯಾಟಿನ ಸೆರಾಮಿಕ್ ಹೀಟರ್, ಪಿಂಗಾಣಿ ಹೋಲ್ಡರಿನಲ್ಲಿ. ಬೇಕಲೈಟ್ ಹೋಲ್ಡರ್ ಎರಡು ತಿಂಗಳಿಗೆ ಸೀಳುತ್ತದೆ. ಹೀಟರಿನ ಸುತ್ತ ನಾಲ್ಕು ಇಂಚು ಬಿಟ್ಟು ಜಾಳಿಗೆಯ ಪಂಜರ ಬೇಕೇ ಬೇಕು. ಬೋವಾ ಬಿಸಿಯನ್ನು ತಬ್ಬಿ ಕೂರುತ್ತದೆ, ಸುಟ್ಟರೂ ಬೇಗ ಬಿಡುವುದಿಲ್ಲ. ನಿಯಂತ್ರಣಕ್ಕೆ ಎಸ್‌ಟಿಸಿ-1000 ಎಂಬ ಉಷ್ಣತೆಯ ಕಂಟ್ರೋಲರ್, ಮೊಟ್ಟೆ ಇಂಕ್ಯುಬೇಟರ್ ಮಾಡುವವರು ಬಳಸುವುದೇ. ಅದರ ಎಫ್1 (ಬೇಕಾದ ಬಿಸಿ) 31ಕ್ಕೆ, ಎಫ್2 (ಎಷ್ಟು ಡಿಗ್ರಿ ಇಳಿದರೆ ಹೀಟರ್ ಮತ್ತೆ ಹೊತ್ತಬೇಕು) 1ಕ್ಕೆ ಇಟ್ಟಿದ್ದೇನೆ. ಬಳಸುವ ಮುಂಚೆ ಸೆನ್ಸರನ್ನು ಪುಡಿ ಐಸು, ಸ್ವಲ್ಪ ನೀರು ತುಂಬಿದ ಲೋಟದಲ್ಲಿ ಹತ್ತು ನಿಮಿಷ ಇಳಿಬಿಡಿ. ಸೊನ್ನೆ ತೋರಿಸಬೇಕು, ತೋರಿಸದಿದ್ದರೆ ಎಫ್4ರಲ್ಲಿ ವ್ಯತ್ಯಾಸ ಸರಿಮಾಡಿ.

ಸೆನ್ಸರಿನ ಜಾಗ ಇನ್ನೂ ಮುಖ್ಯ. ಬಿಸಿ ಬದಿಯ ಗೋಡೆಗೆ, ಹಾವಿನ ಬೆನ್ನಿನ ಎತ್ತರದಲ್ಲಿ, ಸಣ್ಣ ಸ್ಟೀಲ್ ಕ್ಲಾಂಪು ಮತ್ತು ಎರಡು ಸ್ಕ್ರೂ. ಟೇಪು ಹಚ್ಚಿದರೆ ರಾತ್ರಿ ಹಾವು ಉಜ್ಜಿ ಕಿತ್ತುಬಿಡುತ್ತದೆ. ಸೆನ್ಸರು ತಂಪು ಮೂಲೆಗೋ ನೀರಿನ ತೊಟ್ಟಿಗೋ ಬಿತ್ತೆಂದರೆ "ಇನ್ನೂ 26 ಡಿಗ್ರಿ" ಎಂದು ಹೇಳುತ್ತಲೇ ಇರುತ್ತದೆ, ಹೀಟರ್ ಉರಿಯುತ್ತಲೇ ಇರುತ್ತದೆ. ಟೇಪಿಗೆ ಇನ್ನೊಂದು ಕೇಡಿದೆ, ಹೊಸ ಪೊರೆಗೆ ಅಂಟಿದರೆ ಚರ್ಮವನ್ನೇ ಎಳೆದು ತರುತ್ತದೆ. ಇನ್ನು ಕಂಟ್ರೋಲರಿನ ಒಳಗಿನ ಸ್ವಿಚ್ಚು, ಅಂದರೆ ರಿಲೇ, ಅಂಟಿಕೊಂಡು ಹೀಟರ್ ಆರದೇ ಹೋಗುವುದೂ ಉಂಟು. ಅದಕ್ಕೇ ಹೀಟರಿನ ಅದೇ ವೈರಿನಲ್ಲಿ ಒಂದರ ಹಿಂದೊಂದಾಗಿ ಇನ್ನೊಂದು ಎಸ್‌ಟಿಸಿ-1000, ಬೇರೆ ಸೆನ್ಸರು, 36ಕ್ಕೆ ಕಟ್. ಐದಾರು ನೂರು ರೂಪಾಯಿ ಉಳಿಸಲು ಇದನ್ನು ಬಿಡಬೇಡಿ. ತಂಪು ಬದಿ 25–27 ಇರಲಿ.

ನಮ್ಮ ಊರಲ್ಲಿ ಹೀಟರಿನ ಕೆಲಸ ನವೆಂಬರಿನಿಂದ ಫೆಬ್ರುವರಿ. ಮಾರ್ಚಿನಿಂದ ಸಮಸ್ಯೆ ತಿರುಗುಮುರುಗು. ಕೋಣೆಯೇ 35 ದಾಟಿದರೆ ಹಾವಿಗೆ ಓಡಿಹೋಗಲು ತಂಪು ಬದಿಯೇ ಉಳಿಯುವುದಿಲ್ಲ. ಏರ್‌ಕೂಲರ್ ಇಲ್ಲಿ ಎರಡು ಕೆಲಸ ಮಾಡುತ್ತದೆ, ತಂಪೂ ಆಯಿತು, ತೇವವೂ ಬಂತು. ಬೋವಾಕ್ಕೆ 55–65 ಶೇಕಡಾ ತೇವ ಬೇಕು, ವಿಜಯಪುರದ ಏಪ್ರಿಲ್ ಅದರ ಅರ್ಧವನ್ನೂ ಕೊಡುವುದಿಲ್ಲ. ಕೂಲರಿನ ಗಾಳಿ ನೇರ ಗೂಡಿಗೆ ಹೊಡೆಯದಂತೆ ಗೋಡೆಗೆ ತಿರುಗಿಸಿ, ಎದುರಿನ ಕಿಟಕಿ ನಾಲ್ಕು ಬೆರಳು ತೆರೆದಿಡಿ, ಇಲ್ಲದಿದ್ದರೆ ಕೋಣೆ ಬರೀ ಜಿಗಿಜಿಗಿ. ಕರೆಂಟು ಹೋದ ಮಧ್ಯಾಹ್ನಕ್ಕೆ ಎರಡು ಲೀಟರಿನ ನಾಲ್ಕು ಬಾಟಲಿ ನೀರು ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿಟ್ಟು, ಟವೆಲ್ಲು ಸುತ್ತಿ ತಂಪು ಬದಿಯಲ್ಲಿ ಮಲಗಿಸುತ್ತೇನೆ.

ಇನ್ವರ್ಟರಿನ ಮೇಲೆ ಹಕ್ಕು ಸಾಧಿಸಬೇಡಿ. 150 ಎಎಚ್ ಬ್ಯಾಟರಿಯಲ್ಲಿ ನಿಜಕ್ಕೂ ಸಿಗುವುದು 1,200 ವ್ಯಾಟ್-ತಾಸಿನ ಆಸುಪಾಸು. ನಾಲ್ಕು ಫ್ಯಾನು, ಎರಡು ದೀಪಕ್ಕೇ ನಾಲ್ಕು ತಾಸಿಗೆ ಮುಗಿಯುತ್ತದೆ. ಚಳಿಗಾಲದ ರಾತ್ರಿ ಕರೆಂಟು ಆರೇಳು ತಾಸು ಹೋಗಿ ಗೂಡು 22ಕ್ಕೆ ಇಳಿದರೂ ಹೊಟ್ಟೆ ಖಾಲಿ ಇರುವ ದೊಡ್ಡ ಬೋವಾಕ್ಕೆ ಏನೂ ಆಗುವುದಿಲ್ಲ. ಉಂಡಿದ್ದರೆ ಮಾತ್ರ ಕಷ್ಟ, ಒಳಗಿನ ಆಹಾರ ಕರಗುವ ಮುಂಚೆ ಕೊಳೆತು ವಾಂತಿ ಆಗುತ್ತದೆ. ಆದ್ದರಿಂದ ಲೈನ್ ಕೆಲಸದ ಸೂಚನೆ ಬಂದ ವಾರ ಊಟ ಮುಂದಕ್ಕೆ.

ಬಿಲ್ಲಿನ ಲೆಕ್ಕವನ್ನು ಅಪ್ಪ ಕೇಳುವ ಮುಂಚೆಯೇ ಬರೆದಿಡಬೇಕು. 100 ವ್ಯಾಟಿನ ಹೀಟರ್ ದಿನದ ಅರ್ಧ ಉರಿದರೆ 1.2 ಯೂನಿಟ್, ತಿಂಗಳಿಗೆ 36. ಕೂಲರ್ 180 ವ್ಯಾಟು, ಹನ್ನೆರಡು ತಾಸು, ತಿಂಗಳಿಗೆ 65. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಸಿಗುವುದು ಹಳೇ ಸರಾಸರಿಯ ಮೇಲೆ ಶೇ. 10 ಮಾತ್ರ. ಸರಾಸರಿ 110 ಇದ್ದರೆ 121ರವರೆಗೆ ಪುಕ್ಕಟೆ, ಅದರ ಮೇಲಿನದಕ್ಕೆ ದುಡ್ಡು. ಬೇಸಿಗೆಯಲ್ಲಿ ಒಟ್ಟು 200 ದಾಟಿತೆಂದರೆ ಪೂರಾ ಬಿಲ್ಲು ಮನೆಯ ಮೇಲೆ. ಹಾವಿನ ಕೋಣೆಗೆ ನಾನು ಬೇರೆ ಸಬ್‌ಮೀಟರ್ ಹಾಕಿಸಿದ್ದೇನೆ. ಓದಿದ ಅಂಕಿ ಗೋಡೆಯ ಕ್ಯಾಲೆಂಡರಿನಲ್ಲಿ ಇರುತ್ತದೆ, ಕೊಡುವ ದುಡ್ಡಿಗೆ ವಾದವಿಲ್ಲ.

ನೆಲಹಾಸಿಗೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಐದು ಕಿಲೋ ಇಟ್ಟಿಗೆಯನ್ನು ಎರಡು ಸಲ ನೀರು ಬಸಿದು ಉಪ್ಪು ತೆಗೆದು, ನೆರಳಲ್ಲಿ ಆರಿಸಿ, ಮೂರು ಇಂಚು ದಪ್ಪ ಹರಡಿ. ನೀರು ಸಿಂಪಡಿಸುವ ಚಟ ಬೇಡ. ನಾಲ್ಕು ಮೂಲೆಗೆ ಅರ್ಧರ್ಧ ಲೀಟರ್ ಸುರಿದರೆ ತಳ ಹಸಿ, ಮೇಲ್ಪದರ ಒಣ. ಮೇಲೆಯೇ ಹಸಿ ಇದ್ದರೆ ಹೊಟ್ಟೆಯ ಹುರುಪೆಗಳ ಕೆಳಗೆ ಗುಳ್ಳೆ ಏಳುತ್ತವೆ, ಹುರುಪೆ ಕೊಳೆಯುತ್ತದೆ. ಕಣ್ಣು ಹಾಲುಬಣ್ಣಕ್ಕೆ ತಿರುಗಿ, ಮತ್ತೆ ತಿಳಿಯಾಗಿ, ಅದರ ನಾಲ್ಕರಿಂದ ಏಳು ದಿನಕ್ಕೆ ಪೊರೆ ಬಿಡುತ್ತದೆ. ಪೊರೆ ತುಂಡುತುಂಡಾಗಿ ಬಂದರೆ ಹೆಚ್ಚಾಗಿ ತೇವ ಕಡಿಮೆ ಎಂದರ್ಥ. ಒದ್ದೆ ಹತ್ತಿಯ ಚೀಲದಲ್ಲಿ ಅರ್ಧ ತಾಸು ಬಿಟ್ಟು, ಬಾಲದ ತುದಿ ಪರೀಕ್ಷಿಸಿ. ಕಣ್ಣಿನ ಮೇಲೆ ಉಳಿದ ಪೊರೆಯನ್ನು ಉಗುರಿನಿಂದ ಕೀಳುವುದು ಮಾತ್ರ ಬೇಡ, ಸಾಮಾನ್ಯವಾಗಿ ಮುಂದಿನ ಪೊರೆಯ ಜೊತೆ ಹೋಗುತ್ತದೆ.

ಊಟ. ಲಿಂಗಾಯತ ಮನೆಯ ಅಡುಗೆಕೋಣೆಯ ಫ್ರಿಜ್ಜಿನಲ್ಲಿ ಇಲಿ ಇಡುವ ಮಾತನ್ನು ಎತ್ತುವುದೇ ಬೇಡ. ಸಣ್ಣ ಡೀಪ್ ಫ್ರೀಜರ್, ಹಾವಿನ ಕೋಣೆಯಲ್ಲೇ, ಬೀಗ ಸಹಿತ. ಬಿಳಿ ಇಲಿ ಸಾಕುವವರಿಂದ ಹೆಪ್ಪುಗಟ್ಟಿದ್ದನ್ನು ಒಟ್ಟಿಗೆ ತಂದು ಇಡುತ್ತೇನೆ. ಈ ಗಾತ್ರದ ಹಾವಿಗೆ 250–300 ಗ್ರಾಮಿನ ಇಲಿ, ಮೂರು ನಾಲ್ಕು ವಾರಕ್ಕೆ ಒಂದು. ಹಾವಿನ ನಡುವಿಗಿಂತ ದಪ್ಪ ಇರಬಾರದು. ಬೋವಾ ಉಪವಾಸಕ್ಕೆ ಸಾಯುವುದಿಲ್ಲ, ಬೊಜ್ಜಿಗೆ ಸಾಯುತ್ತದೆ. "ಪಾಪ, ತಿಂಗಳಿಗ್ ಒಂದ ಸಲ ಊಟಾನ?" ಎಂದು ಅವ್ವ ಮರುಗಿದರೂ ಈ ಲೆಕ್ಕ ಬದಲಿಸಬಾರದು.

ಕರಗಿಸುವ ಕ್ರಮ ಹೀಗೆ: ರಾತ್ರಿ ಇಲಿಯನ್ನು ಜಿಪ್ ಕವರಿನಲ್ಲಿ ಕಟ್ಟಿ ಥರ್ಮೋಕೋಲ್ ಪೆಟ್ಟಿಗೆಗೆ, ಜೊತೆಗೊಂದು ಐಸ್ ಬಾಟಲಿ. ಮರುದಿನ ಸಂಜೆ ಕವರಿನ ಮೇಲಿನಿಂದ ಹೊಟ್ಟೆ ಒತ್ತಿ ನೋಡಬೇಕು, ಒಳಗೆ ಗಟ್ಟಿ ಗಂಟು ಕೈಗೆ ಹತ್ತಿದರೆ ಇನ್ನೂ ಕರಗಿಲ್ಲ. ಆಮೇಲೆ ಕೈ ಇಟ್ಟರೆ ಚುರುಕೆನ್ನುವಷ್ಟು, ಅಂದರೆ 45 ಡಿಗ್ರಿ ನೀರಿನ ಬಕೆಟ್ಟಿನಲ್ಲಿ ಇಪ್ಪತ್ತು ನಿಮಿಷ. ಕುದಿನೀರಿಗೆ ಹಾಕಿದರೆ ಹೊಟ್ಟೆ ಒಡೆದು ಇಡೀ ಕೋಣೆ ನಾರುತ್ತದೆ. ಒರೆಸಿ, ಎರಡಡಿ ಚಿಮುಟದಿಂದ ತಲೆ ಮುಂದೆ ಮಾಡಿ ಹಿಡಿಯಬೇಕು. ನಡುವೆ ಹೆಪ್ಪು ಉಳಿದ ಇಲಿ ಕೊಟ್ಟರೆ ಎರಡು ಮೂರು ದಿನದಲ್ಲಿ ವಾಂತಿ. ವಾಂತಿಯಾದ ಮೇಲೆ ಮೂರು ವಾರ ಏನೂ ಕೊಡದೆ, ನಂತರ ಅರ್ಧ ಗಾತ್ರದ್ದು. ಬೋನಿಗೆ ಬಿದ್ದ ಇಲಿ ತಂದುಕೊಡುವ ಓಣಿಯವರು ಸಿಕ್ಕೇ ಸಿಗುತ್ತಾರೆ. ಅದರ ಹೊಟ್ಟೆಯಲ್ಲಿ ವಿಷದ ಕೇಕು ಇರಬಹುದು, ಹುಳುವಂತೂ ಇರುತ್ತದೆ. ನಯವಾಗಿ ಬೇಡವೆನ್ನಿ. ಜೀವಂತ ಇಲಿ ಬಿಡುವುದೂ ಬೇಡ, ಕಚ್ಚಿಸಿಕೊಳ್ಳುವುದು ಹಾವೇ. ಉಂಡ ಮೇಲೆ ನಾಲ್ಕು ದಿನ ಎತ್ತಬಾರದು.

ಗಾಜು ತೆರೆದಾಗಲೆಲ್ಲ ಊಟ ಬರುತ್ತದೆಂದು ಹಾವು ಕಲಿತರೆ ಕೈಗೇ ಬಾಯಿ ಹಾಕುತ್ತದೆ. ಊಟವಿಲ್ಲದ ದಿನ ಕೊಕ್ಕೆಯಿಂದ ಮೈಯನ್ನು ಮೆಲ್ಲಗೆ ಎರಡು ಸಲ ತಟ್ಟಿ ಆಮೇಲೆ ಎತ್ತುತ್ತೇನೆ. ಆರು ಅಡಿ ದಾಟಿದ ಮೇಲೆ ಮನೆಯಲ್ಲಿ ಇನ್ನೊಬ್ಬ ದೊಡ್ಡವರಿಲ್ಲದೆ ಗೂಡು ತೆರೆಯಬಾರದು. ನಮ್ಮಲ್ಲಿ ಆ ಇನ್ನೊಬ್ಬರು ಅಪ್ಪ. ಅವರಿಗೆ ಕಲಿಸಿದ್ದು ಇಷ್ಟೇ: ಸುತ್ತಿಕೊಂಡರೆ ಬಾಲದ ಕಡೆಯಿಂದ ಬಿಡಿಸುತ್ತ ಬರಬೇಕು, ತಲೆಯ ಕಡೆಯಿಂದಲ್ಲ. ಕಚ್ಚಿ ಹಿಡಿದರೆ ಎಳೆಯಬಾರದು, ಹಲ್ಲು ಒಳಕ್ಕೆ ಬಾಗಿವೆ, ಎಳೆದಷ್ಟೂ ಸೀಳುತ್ತವೆ. ಬಾಯಿಯ ಅಂಚಿಗೆ ಸ್ಯಾನಿಟೈಸರ್ ನಾಲ್ಕು ಹನಿ ಬಿದ್ದರೆ ಬಿಡುತ್ತದೆ. ಬಾಟಲಿ ಬಾಗಿಲ ಪಕ್ಕದ ಮೊಳೆಗೆ ನೇತಾಡುತ್ತಿರುತ್ತದೆ.

ಅವ್ವನ ಕಡೆಯಿಂದ ಹಾವಿಗೆ ಬರುವ ಅಪಾಯ ಮೂರು, ಮೂರೂ ಒಳ್ಳೆಯ ಮನಸ್ಸಿನವೇ. ಒಂದು, ಫಿನೈಲು. ಅದರಲ್ಲಿರುವ ಫಿನಾಲು, ಪೈನ್ ಎಣ್ಣೆ ಹಾವಿಗೆ ವಿಷ, ಆ ಕೋಣೆಯ ನೆಲಕ್ಕೆ ಬರೀ ನೀರು. ಗೂಡಿಗೆ ಒಂದು ಪಾಲು ಬ್ಲೀಚು, ಮೂವತ್ತು ಪಾಲು ನೀರು, ಹತ್ತು ನಿಮಿಷ ಬಿಟ್ಟು ಎರಡು ಸಲ ತೊಳೆದು ಒಣಗಿಸುವುದು. ಎರಡು, ಕಪಾಟಿನ ನುಸಿಗುಳಿಗೆ, ಸೊಳ್ಳೆಬತ್ತಿ, ಜಿರಳೆ ಸ್ಪ್ರೇ. ಮೂರು, ಪಂಚಮಿಯ ಹಾಲು. ಹಾವಿಗೆ ಹಾಲು ಜೀರ್ಣವಾಗದು, ಅರಿಷಿಣ-ಕುಂಕುಮ ಮೂಗಿನ ಹೊಳ್ಳೆ ಕಟ್ಟುತ್ತದೆ. ಮಣ್ಣಿನ ನಾಗಪ್ಪನಿಗೆ ಹಾಲೆರೆಯುವುದು ಎಂದಿನಂತೆ ನಡೆಯಲಿ, ಆ ದಿನ ಗೂಡಿನ ಕೀಲಿ ನಿಮ್ಮ ಕಿಸೆಯಲ್ಲಿರಲಿ.

ಮನುಷ್ಯರಿಗೆ ಇರುವ ಅಪಾಯ ಸಾಲ್ಮೊನೆಲ್ಲಾ. ಆರೋಗ್ಯವಾಗಿರುವ ಹಾವಿನ ಹೊಟ್ಟೆಯಲ್ಲೂ ಇರುತ್ತದೆ. ಐದು ವರ್ಷದೊಳಗಿನ ಮಕ್ಕಳು, ಬಸುರಿ-ಬಾಣಂತಿಯರು, ವಯಸ್ಸಾದ ಸಕ್ಕರೆ ಕಾಯಿಲೆಯವರು ಮುಟ್ಟಬಾರದು. ತೊಟ್ಟಿ, ಚಿಮುಟ ಯಾವುದನ್ನೂ ಅಡುಗೆಮನೆ ಸಿಂಕಿನಲ್ಲಿ ತೊಳೆಯಬಾರದು. ಅಕ್ಕ ಬಾಣಂತನಕ್ಕೆ ತವರಿಗೆ ಬಂದಿದ್ದರೆ ಹಾವಿನ ಬಟ್ಟೆ, ಬಕೆಟ್ಟು, ಸೋಪು ಎಲ್ಲ ಬೇರೆ.

ತಪ್ಪಿಸಿಕೊಂಡರೆ ಮೊದಲು ಕೋಣೆಯ ಬಾಗಿಲು ಮುಚ್ಚಿ. ಗೋಡೆಯ ಅಂಚು, ಫ್ರೀಜರಿನ ಹಿಂಭಾಗ, ಇನ್ವರ್ಟರಿನ ಹಿಂದೆ, ಜೋಳದ ಚೀಲಗಳ ನಡುವೆ, ಈ ಕ್ರಮದಲ್ಲಿ ಹುಡುಕಿ. ಸಿಗದಿದ್ದರೆ ರಾತ್ರಿ ಎಲ್ಲ ಹೊಸ್ತಿಲಿಗೂ ರಂಗೋಲಿ ಪುಡಿಯನ್ನು ಅಂಗೈ ಅಗಲಕ್ಕೆ ತೆಳ್ಳಗೆ ಹರಡಿ. ಏಳು ಕಿಲೋ ಹಾವು ದಾಟಿದರೆ ಉಜ್ಜಿದ ಗುರುತು ಬೆಳಗ್ಗೆ ಕಾಣುತ್ತದೆ, ಯಾವ ಕೋಣೆ ಎಂದು ತಿಳಿಯುತ್ತದೆ. ನೋಂದಣಿಯ ಒಂದು ನಕಲು ಅಕ್ಕಪಕ್ಕದ ಎರಡು ಮನೆಗೆ ಮೊದಲೇ ತೋರಿಸಿದ್ದರೆ ಆ ಹೊತ್ತಿಗೆ ಬಡಿಗೆ ಹಿಡಿದು ಯಾರೂ ಬರುವುದಿಲ್ಲ.

ಊರಿಗೆ ಹೋಗಬೇಕಾದರೆ ಹೊರಡುವ ಐದಾರು ದಿನ ಮುಂಚೆ ಊಟ ಮುಗಿಸಿ, ಹೊರಡುವ ದಿನ ತೊಟ್ಟಿ ತುಂಬಿಸುತ್ತೇನೆ. ಹತ್ತು ದಿನ ಹಾವಿಗೆ ಯಾರೂ ಬೇಕಿಲ್ಲ. ಕಂಟ್ರೋಲರಿನ ಡಿಸ್‌ಪ್ಲೇ ಬಾಗಿಲ ಹೊರಗೇ ಇದೆ, ಅದರ ಕೆಳಗೆ ಹೀಟರಿನ ಕರೆಂಟು ಕಡಿಯುವ ಕೆಂಪು ಎಂಸಿಬಿ ಸ್ವಿಚ್ಚು, ಪಕ್ಕದಲ್ಲಿ ದಪ್ಪಕ್ಷರದ ಚೀಟಿ: "35 ದಾಟಿದರೆ ಇದನ್ನು ಕೆಳಗೆ ಒತ್ತು. ಬಾಗಿಲು ತೆಗೀಬ್ಯಾಡ. ನನಗ ಫೋನ್ ಮಾಡು."