ಡೈರೆಕ್ಟ್ ಬಸ್ಸಿಗೆ ಕಾಯಬೇಡಿ: ನಗರ ಸಾರಿಗೆಯ ಬೋರ್ಡ್ ಓದುವ ಬಗೆ

ಬೆಂಗಳೂರಿಗೆ ಹೊಸದಾಗಿ ಬಂದವರು ಬಸ್ ಸ್ಟಾಪಿನಲ್ಲಿ ನಿಂತು ಮೊದಲು ಕೇಳುವುದು ‘ಅಲ್ಲಿಗೆ ಡೈರೆಕ್ಟ್ ಬಸ್ ಇದೆಯಾ?’ ಎಂದು. ತೊಡಕು ಶುರುವಾಗುವುದೇ ಅಲ್ಲಿಂದ. ನೇರ ಬಸ್ಸಿಗಾಗಿ ಮುಕ್ಕಾಲು ಗಂಟೆ ಕಾಯುವವರ ಕಣ್ಣೆದುರೇ, ಅರ್ಧ ದಾರಿಗೆ ಬಿಡಬಲ್ಲ ನಾಲ್ಕಾರು ಬಸ್ಸುಗಳು ಹಾದುಹೋಗಿರುತ್ತವೆ.

ಮೊದಲು, ಬಸ್ ಯಾರದ್ದೆಂದು ಗಮನಿಸಿ. ನಗರದೊಳಗೆ ಓಡುವುದು ಬಿಎಂಟಿಸಿ. ಹಿಂದೆ ಬಿಟಿಎಸ್ ಎಂದು ಕರೆಸಿಕೊಳ್ಳುತ್ತಿದ್ದ ಈ ಸೇವೆ 1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೇರ್ಪಟ್ಟು ಸ್ವತಂತ್ರ ನಿಗಮವಾಯಿತು. ಹಳಬರ ಬಾಯಲ್ಲಿ ಇಂದಿಗೂ ಅದು ಬಿಟಿಎಸ್ಸೇ. ಪರ ಊರಿಗೆ ಹೋಗುವ ಕೆಎಸ್‌ಆರ್‌ಟಿಸಿ ಬಸ್ಸುಗಳೂ ನಗರದ ರಸ್ತೆಗಳಲ್ಲಿ ಕಾಣಿಸುತ್ತವೆಯಾದರೂ, ಬಿಎಂಟಿಸಿಯ ಪಾಸ್ ಅಲ್ಲಿ ನಡೆಯುವುದಿಲ್ಲ. ಈಚಿನ ಎಲೆಕ್ಟ್ರಿಕ್ ಬಸ್ಸುಗಳಲ್ಲಿ ಇನ್ನೊಂದು ಒಳಗುಟ್ಟಿದೆ. ಬಸ್ಸು ಮತ್ತು ಚಾಲಕರು ಗುತ್ತಿಗೆ ಕಂಪನಿಯವರು, ಕಂಡಕ್ಟರ್ ನಿಗಮದವರು, ಓಡಿದ ಕಿಲೋಮೀಟರಿಗೆ ಇಂತಿಷ್ಟೆಂದು ಕಂಪನಿಗೆ ಹಣ ಸಂದಾಯವಾಗುತ್ತದೆ. ಪ್ರಯಾಣಿಕರಿಗೆ ಇದರಿಂದ ವ್ಯತ್ಯಾಸವೇನೂ ಇಲ್ಲ, ಟಿಕೆಟ್ ಬಿಎಂಟಿಸಿಯದೇ.

ಎರಡನೆಯದು, ಊರಿನ ಹೆಸರಿಗಿಂತ ಮೊದಲು ರಸ್ತೆಯನ್ನು ಹಿಡಿಯಿರಿ. ಹೆಚ್ಚಿನ ಮಾರ್ಗಗಳು ಮೆಜೆಸ್ಟಿಕ್, ಕೆ.ಆರ್. ಮಾರ್ಕೆಟ್ ಅಥವಾ ಶಿವಾಜಿನಗರದಿಂದ ಬಂಡಿಚಕ್ರದ ಅರಗಳಂತೆ ಹೊರಟು ಬಡಾವಣೆಗಳತ್ತ ಸಾಗುತ್ತವೆ. 335ಇ ಸಂಖ್ಯೆಯ ಬಸ್ ಮೆಜೆಸ್ಟಿಕ್‌ನಿಂದ ದೊಮ್ಮಲೂರು, ಎಚ್‌ಎಎಲ್, ಮಾರತ್ತಹಳ್ಳಿಗಳ ಮೂಲಕ ಕಾಡುಗೋಡಿಗೆ ಹೋಗುತ್ತದೆ. 365 ಬನ್ನೇರುಘಟ್ಟದ ದಾರಿ, 276 ವಿದ್ಯಾರಣ್ಯಪುರದ್ದು. ಈ ಅರಗಳನ್ನು ಹೊರಗಿನಿಂದ ಸುತ್ತಿ ಜೋಡಿಸುವುದು ಹೊರವರ್ತುಲ ರಸ್ತೆಯ 500ರ ಸರಣಿ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಓಡುವ 500ಡಿ ಇವುಗಳಲ್ಲಿ ಎಲ್ಲರಿಗೂ ಪರಿಚಿತ, ಸಂಜೆ ಆರರ ಮೇಲೆ ಹತ್ತಿದವರಿಗಂತೂ ಮರೆಯಲಾಗದಷ್ಟು ಪರಿಚಿತ.

ಮೂರನೆಯದು ಅಕ್ಷರ. ಸಂಖ್ಯೆ ಹೆದ್ದಾರಿಯನ್ನು ಹೇಳಿದರೆ, ಅದರ ಬೆನ್ನಿಗಿರುವ ಅಕ್ಷರ ಕವಲನ್ನು ಹೇಳುತ್ತದೆ. ಒಂದೇ ಸಂಖ್ಯೆಯ ಎರಡು ಬಸ್ಸುಗಳು ಏಳೆಂಟು ಸ್ಟಾಪುಗಳವರೆಗೆ ಜೊತೆಜೊತೆಯಾಗಿ ಬಂದು ಒಂದು ಸರ್ಕಲ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ತಿರುಗಿಬಿಡಬಹುದು. ದೂರದಿಂದ ಅಂಕಿಯನ್ನಷ್ಟೇ ನೋಡಿ ಓಡಿಹೋಗಿ ಹತ್ತಿದ ನಾನು, ಕಿಟಕಿಯಾಚೆ ಅಪರಿಚಿತ ಬಡಾವಣೆಯೊಂದರ ತೆಂಗಿನಕಾಯಿ ಮಂಡಿ ಕಂಡಾಗಲೇ ಅಕ್ಷರದ ಬೆಲೆ ಅರಿತದ್ದು. ಹತ್ತುವ ಮುನ್ನ ಬೋರ್ಡಿನಲ್ಲಿರುವ ‘ಮಾರ್ಗ’ದ ಸಾಲನ್ನೂ ಓದಿ, ಓದಲಾಗದಿದ್ದರೆ ಬಾಗಿಲಲ್ಲಿರುವ ಕಂಡಕ್ಟರನ್ನು ‘ಇಂಥ ಕಡೆ ಹೋಗುತ್ತಾ ಸಾರ್?’ ಎಂದು ಕೇಳಿ. ಸಂಖ್ಯೆಯ ಮುಂದೆ ‘ವಿ’ ಇದ್ದರೆ ಅದು ಹವಾನಿಯಂತ್ರಿತ ವಜ್ರ, ದರ ಹೆಚ್ಚು. ‘ಕೆಐಎ’ ಎಂದಿದ್ದರೆ ವಿಮಾನ ನಿಲ್ದಾಣದ ವಾಯುವಜ್ರ. ಮೆಜೆಸ್ಟಿಕ್‌ನಿಂದ ಹೊರಡುವುದು ಕೆಐಎ-9.

ಇಷ್ಟಾದ ಮೇಲೆ ಬಸ್ ಬದಲಿಸುವ ಜಾಗವನ್ನು ನಿರ್ಧರಿಸಬೇಕು, ನಿಜವಾದ ಜಾಣತನ ಬೇಕಿರುವುದು ಇಲ್ಲಿಯೇ. ಯಲಹಂಕದಿಂದ ಬೆಳ್ಳಂದೂರಿಗೆ ಹೊರಟವರು ಮೆಜೆಸ್ಟಿಕ್‌ಗೆ ಬಂದು ಹೋಗುವ ಅಗತ್ಯವೇ ಇಲ್ಲ. ಬಳ್ಳಾರಿ ರಸ್ತೆಯಲ್ಲಿ ನಗರದತ್ತ ಬರುವ ಯಾವುದಾದರೂ ಬಸ್ ಹಿಡಿದು ಹೆಬ್ಬಾಳದಲ್ಲಿ ಇಳಿದರೆ, ಅಲ್ಲಿಂದ 500ಡಿ ನಾಗವಾರ, ಟಿನ್ ಫ್ಯಾಕ್ಟರಿ, ಮಾರತ್ತಹಳ್ಳಿ ದಾಟಿಸಿ ಬೆಳ್ಳಂದೂರಿಗೆ ಮುಟ್ಟಿಸುತ್ತದೆ. ಆದರೆ ಇಳಿದ ಸ್ಟಾಪಿನಲ್ಲೇ ಮುಂದಿನ ಬಸ್ ಬರುತ್ತದೆಂದು ಕಾದರೆ ಕಾಯುತ್ತಲೇ ಇರಬೇಕಾಗುತ್ತದೆ. ಹೆಬ್ಬಾಳದಲ್ಲಿ ಬಳ್ಳಾರಿ ರಸ್ತೆಯ ಸ್ಟಾಪೇ ಬೇರೆ, ವರ್ತುಲ ರಸ್ತೆಯ ಸ್ಟಾಪೇ ಬೇರೆ, ನಡುವೆ ನಡೆಯಬೇಕು. ಮಾರತ್ತಹಳ್ಳಿ ಬ್ರಿಡ್ಜಿನಲ್ಲೂ ಇದೇ ಕಥೆ. ಆದ್ದರಿಂದ ‘ನಮ್ಮ ಬಿಎಂಟಿಸಿ’ ಆ್ಯಪಿನಲ್ಲಿ ಬಸ್ ಎಲ್ಲಿದೆ ಎಂದು ನೋಡುವಾಗ ಸ್ಟಾಪು ರಸ್ತೆಯ ಯಾವ ಬದಿಗಿದೆ ಎಂಬುದನ್ನೂ ನೋಡಿಕೊಳ್ಳುವುದು ಒಳ್ಳೆಯದು.

ಕೊನೆಗೆ ಟಿಕೆಟ್. ಬಸ್ ಬದಲಿಸಿದಾಗಲೆಲ್ಲ ಹೊಸ ಟಿಕೆಟ್ ಕೊಳ್ಳಬೇಕು. 2025ರ ಜನವರಿ 5ರಿಂದ ದರ ಶೇ 15ರಷ್ಟು ಏರಿತು. ಅದರ ಬೆನ್ನಿಗೆ ಸಾಮಾನ್ಯ ಬಸ್ಸಿನ ದಿನದ ಪಾಸ್ 70 ರೂಪಾಯಿಯಿಂದ 80ಕ್ಕೆ ಹೋಯಿತು. ಹೋಗಿ ಬರಲು ಒಟ್ಟು ನಾಲ್ಕು ಬಸ್ ಹತ್ತುವುದಿದ್ದು, ತಲಾ ಟಿಕೆಟ್ 20 ರೂಪಾಯಿ ದಾಟುವಂತಿದ್ದರೆ ಪಾಸೇ ಲಾಭ. ಕರ್ನಾಟಕದ ಮಹಿಳೆಯರು 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು, ವಜ್ರ ಮತ್ತು ವಾಯುವಜ್ರಗಳಿಗೆ ಇದು ಅನ್ವಯಿಸದು. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ಶೂನ್ಯ ದರದ ಟಿಕೆಟನ್ನು ಕೇಳಿ ಪಡೆಯಿರಿ.

ಚಿಲ್ಲರೆ ಇಲ್ಲದಿದ್ದರೆ ಯುಪಿಐ ಮೂಲಕ ಕೊಡಬಹುದು. ನೋಟನ್ನೇ ಕೊಟ್ಟಿರಾದರೆ ಕಂಡಕ್ಟರ್ ಟಿಕೆಟಿನ ಹಿಂಬದಿಯಲ್ಲಿ ಬಾಕಿಯನ್ನು ಪೆನ್ನಿನಿಂದ ಗೀಚಿ ಕೊಡುವುದು ಇಲ್ಲಿನ ಹಳೆಯ ಪದ್ಧತಿ. ಆ ಟಿಕೆಟನ್ನು ಮಡಚಿ ಜೇಬಿಗೆ ಹಾಕಬೇಡಿ, ಕೈಯಲ್ಲೇ ಹಿಡಿದಿರಿ; ನಿಮ್ಮ ಸ್ಟಾಪಿಗೆ ಎರಡು ಸ್ಟಾಪು ಮುಂಚೆಯೇ ಎದ್ದು ಹೋಗಿ ಬಾಕಿ ಕೇಳಿ.