ನಿಮ್ಮೂರಿನ ವೀರಗಲ್ಲಿಗೂ ಒಂದು ಚಿತ್ರ ಬೇಕು: ವಿಕಿಮೀಡಿಯ ಕಾಮನ್ಸ್ ಬಳಗ ಸೇರುವುದು ಹೇಗೆ?

ಬೇಲೂರಿನ ದರ್ಪಣ ಸುಂದರಿಯ ಚಿತ್ರ ಅಂತರ್ಜಾಲದಲ್ಲಿ ಬೇಕಾದಷ್ಟು ಸಿಗುತ್ತದೆ. ನಿಮ್ಮೂರಿನ ಕೆರೆ ಏರಿಯ ಮೇಲೆ ಅರ್ಧ ಹೂತು ನಿಂತಿರುವ ವೀರಗಲ್ಲಿನದು? ಬಹುಶಃ ಒಂದೂ ಇರಲಿಕ್ಕಿಲ್ಲ. ಛಾಯಾಗ್ರಹಣದ ಹುಚ್ಚು ಹತ್ತಿಸಿಕೊಂಡವರು ಸೇರಬಹುದಾದ ಆನ್‌ಲೈನ್ ಬಳಗಗಳು ಹಲವಿವೆ. ಬಹುಪಾಲು ಕಡೆ ಮೆಚ್ಚುಗೆಯ ಲೆಕ್ಕ ನಡೆಯುತ್ತದೆ, ಎರಡು ದಿನದಲ್ಲಿ ಚಿತ್ರ ಕೆಳಗೆ ಸರಿದು ಮರೆಯಾಗುತ್ತದೆ. ವಿಕಿಮೀಡಿಯ ಕಾಮನ್ಸ್‌ನ ಜಾಯಮಾನ ಬೇರೆ. 2004ರಲ್ಲಿ ಆರಂಭವಾದ ಈ ಮುಕ್ತ ಚಿತ್ರಭಂಡಾರದಿಂದ ಕನ್ನಡ, ತುಳು ಸೇರಿದಂತೆ ಎಲ್ಲ ಭಾಷೆಗಳ ವಿಕಿಪೀಡಿಯಗಳೂ ಚಿತ್ರ ಎತ್ತಿಕೊಳ್ಳುತ್ತವೆ. ಇಲ್ಲಿನ ಹಳಬರು ಹೊಸ ಚಿತ್ರವೊಂದನ್ನು ಕಂಡರೆ ಮೊದಲು ಕೇಳುವುದು ಮೂರು ಪ್ರಶ್ನೆ: ಇದು ಏನು, ಎಲ್ಲಿಯದು, ತೆಗೆದವರು ಯಾರು? ಚೆಲುವಿನ ಮಾತು ಆಮೇಲೆ.

ಖಾತೆ ತೆರೆಯುವುದು

ಇದು ಎರಡು ನಿಮಿಷದ ಕೆಲಸ. ಈಗಾಗಲೇ ಕನ್ನಡ ವಿಕಿಪೀಡಿಯದಲ್ಲಿ ಖಾತೆಯಿದ್ದರೆ ಅದೇ ಇಲ್ಲಿಯೂ ನಡೆಯುತ್ತದೆ. ಇಮೇಲ್ ಕೊಡುವುದು ಕಡ್ಡಾಯವಲ್ಲ, ಆದರೂ ಕೊಡಿ. ಗುಪ್ತಪದ ಮರೆತರೆ ಖಾತೆ ಮರಳಿ ಪಡೆಯಲು ಅದೊಂದೇ ದಾರಿ. ಹೆಸರಿನ ಬಗ್ಗೆ ಮಾತ್ರ ಸ್ವಲ್ಪ ಯೋಚಿಸಿ. ನಾಳೆ ನಿಮ್ಮ ಚಿತ್ರವನ್ನು ಯಾವುದೋ ಪುಸ್ತಕ ಬಳಸಿದರೆ ಅದರ ಕೆಳಗೆ ಅಚ್ಚಾಗುವುದು ಈ ಹೆಸರೇ. ಕಾವ್ಯನಾಮವಾದರೂ ಆದೀತು, ಸ್ಟುಡಿಯೋದ ಹೆಸರು ಬೇಡ. ಪ್ರಚಾರಕ್ಕೆ ಬಂದವರೆಂಬ ಅನುಮಾನ ಮೊದಲ ದಿನವೇ ಹುಟ್ಟುತ್ತದೆ. ಆಯ್ಕೆಗಳಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಳ್ಳಬಹುದು.

ಏನನ್ನು ತೆಗೆಯಬೇಕು?

ಕಾಮನ್ಸ್‌ನ ಆಂಡ್ರಾಯ್ಡ್ ಆ್ಯಪ್‌ನಲ್ಲಿ ನಿಮ್ಮ ಸುತ್ತಮುತ್ತಲಿನ ಸ್ಥಳಗಳನ್ನು ನಕ್ಷೆಯ ಮೇಲೆ ತೋರಿಸುವ ಸೌಲಭ್ಯವಿದೆ. ಇನ್ನೂ ಚಿತ್ರವಿಲ್ಲದ ಜಾಗಗಳು ಅದರಲ್ಲಿ ಬೇರೆಯಾಗಿ ಕಾಣುತ್ತವೆ. ತಾಲ್ಲೂಕು ಕೇಂದ್ರವೊಂದರಲ್ಲಿ ನಿಂತು ಅದನ್ನು ತೆರೆದು ನೋಡಿ: ರೈಲು ನಿಲ್ದಾಣ, ಹಳೆಯ ಶಾಲೆ, ಕಲ್ಯಾಣಿ, ಗುಡ್ಡದ ಮೇಲಿನ ಕೋಟೆ, ಹೀಗೆ ಖಾಲಿ ಉಳಿದ ಹೆಸರುಗಳು ಸಾಲುಗಟ್ಟುತ್ತವೆ. ನಕ್ಷೆಯಲ್ಲೇ ಇಲ್ಲದವು ಇನ್ನೂ ಹೆಚ್ಚು. ಹೊಸಬರಿಗೆ ನನ್ನ ಸಲಹೆ: ಸೂರ್ಯಾಸ್ತ, ಹೂವು, ಬೆಕ್ಕುಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅವು ಅಲ್ಲಿ ರಾಶಿ ಬಿದ್ದಿವೆ. ಸ್ವಂತಿಗಳನ್ನು ಏರಿಸಿದರಂತೂ ಉಪಯೋಗವಿಲ್ಲವೆಂದು ಅಳಿಸಿಯೇ ಬಿಡುತ್ತಾರೆ.

ವೀರಗಲ್ಲನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ನಮ್ಮ ನಾಡಿನಲ್ಲಿ ಅವಕ್ಕೆ ಬರವಿಲ್ಲ, ಚಿತ್ರ ತೆಗೆಯುವವರಿಗೂ ಒಳ್ಳೆಯ ಪಾಠ. ನಡುಹಗಲ ಬಿಸಿಲಿನಲ್ಲಿ ನೇರ ಮುಂದೆ ನಿಂತು ಕ್ಲಿಕ್ಕಿಸಿದರೆ ಕೆತ್ತನೆಯೆಲ್ಲ ಚಪ್ಪಟೆಯಾಗುತ್ತದೆ, ಅಕ್ಷರಗಳು ಅಳಿಸಿಹೋದಂತೆ ಕಾಣುತ್ತವೆ. ಬೆಳಗ್ಗೆ ಅಥವಾ ಸಂಜೆ, ಬೆಳಕು ಕಲ್ಲಿನ ಮೈಸವರಿಕೊಂಡು ಅಡ್ಡಲಾಗಿ ಬೀಳುವ ಹೊತ್ತಿಗೆ ಹೋಗಿ. ಕಲ್ಲು ನೆರಳಿನಲ್ಲಿದ್ದರೆ ಜೊತೆಗಾರರೊಬ್ಬರು ಟಾರ್ಚನ್ನು ಪಕ್ಕದಿಂದ ಹಿಡಿದರೂ ಸಾಕು. ಅಕ್ಷರ ಎದ್ದು ಕಾಣಲೆಂದು ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಬಳಿಯುವುದು ಖಂಡಿತ ಕೂಡದು.

ಮೊದಲು ಇಡೀ ಕಲ್ಲು ಬರುವಂತೆ ಒಂದು ಚಿತ್ರ, ಕ್ಯಾಮೆರಾ ಕಲ್ಲಿನ ಅರ್ಧ ಎತ್ತರದಲ್ಲಿರಲಿ. ಆಮೇಲೆ ಒಂದೊಂದೇ ಪಟ್ಟಿಕೆ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ. ಕಥೆ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಶಾಸನದ ಸಾಲುಗಳಿದ್ದರೆ ಓದಲು ಬರುವಷ್ಟು ಹತ್ತಿರದಿಂದ ತೆಗೆಯಿರಿ. ಕೊನೆಗೆ ನಾಲ್ಕು ಹೆಜ್ಜೆ ಹಿಂದೆ ಸರಿದು, ಕಲ್ಲು ನಿಂತಿರುವ ಜಾಗವೂ ಕಾಣುವಂತೆ ಒಂದು. ಸೌಂದರ್ಯದ ಕಣ್ಣಿಗೆ ಈ ಕೊನೆಯ ಚಿತ್ರ ಸಪ್ಪೆ, ಆದರೆ ರಸ್ತೆ ಅಗಲವಾಗಿ ಕಲ್ಲು ಸ್ಥಳಾಂತರವಾದ ಮೇಲೆ ಸಂಶೋಧಕರು ಹುಡುಕುವುದು ಇದನ್ನೇ.

ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಲು ಮುಂಗಡ ಅನುಮತಿ ಬೇಕು ಎಂಬುದು ನೆನಪಿರಲಿ.

ಯಾವುದು ನಿಮ್ಮದು, ಯಾವುದು ಅಲ್ಲ?

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಕಾಮನ್ಸ್‌ಗೆ ಏರಿಸುವ ಚಿತ್ರವನ್ನು ನೀವೇ ತೆಗೆದಿರಬೇಕು, ಇಲ್ಲವೇ ಅದರ ಹಕ್ಕು ಮುಕ್ತವಾಗಿರಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದದ್ದು, ಸಿನಿಮಾ ಪೋಸ್ಟರ್, ಟಿವಿ ಪರದೆಯ ಚಿತ್ರ, ಪತ್ರಿಕೆಯಿಂದ ಕತ್ತರಿಸಿದ್ದು, ಇವು ಯಾವುವೂ ಸಲ್ಲುವುದಿಲ್ಲ. ಮನೆಯ ಟ್ರಂಕಿನಲ್ಲಿರುವ ಅಜ್ಜನ ಕಾಲದ ಭಾವಚಿತ್ರ ನಿಮ್ಮ ಆಸ್ತಿಯೇ ಇರಬಹುದು. ಆದರೆ ಕಾಗದ ನಿಮ್ಮದಾದ ಮಾತ್ರಕ್ಕೆ ಕೃತಿಸ್ವಾಮ್ಯವೂ ನಿಮ್ಮದಾಗುವುದಿಲ್ಲ. ತೆಗೆದವರು ಯಾರು, ಯಾವಾಗ, ಎಲ್ಲಿ ಪ್ರಕಟವಾಯಿತು ಎಂಬ ವಿವರ ಕೂಡಿಸದೆ ಅದನ್ನು 'ಸ್ವಂತ ಕೃತಿ' ಎಂದು ಬರೆಯಬೇಡಿ.

ನೀವೇ ತೆಗೆದ ಚಿತ್ರದೊಳಗೂ ಬೇರೆಯವರ ಕೃತಿ ಇರಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ಕಟ್ಟಡಗಳ ಛಾಯಾಚಿತ್ರಕ್ಕೆ ವಿನಾಯಿತಿ ಕೊಟ್ಟಿದೆ. ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ನಿಂತ ಶಿಲ್ಪಕ್ಕೂ ಆ ವಿನಾಯಿತಿಯಿದೆ. ಆದ್ದರಿಂದ ವೃತ್ತದಲ್ಲಿ ನಿಂತ ಬಸವಣ್ಣನ ಪ್ರತಿಮೆಯನ್ನು ನಿರಾತಂಕವಾಗಿ ತೆಗೆಯಬಹುದು. ಮೇಲ್ಸೇತುವೆಯ ಕಂಬಗಳ ಮೇಲೆ ಇತ್ತೀಚಿನ ಕಲಾವಿದರು ಬರೆದ ಬಣ್ಣದ ಚಿತ್ರಗಳಿಗೆ ಈ ವಿನಾಯಿತಿ ಸಿಗುವುದಿಲ್ಲ. ಪೆಂಡಾಲಿನ ಗಣಪತಿಯದೂ ತಕರಾರೇ: ಕೆಲವೇ ದಿನಗಳಲ್ಲಿ ನೀರಿಗಿಳಿಯುವ ಮೂರ್ತಿಯನ್ನು ಶಾಶ್ವತವೆಂದು ಯಾವ ವಕೀಲರೂ ವಾದಿಸಲಾರರು! ನೂರಾರು ವರ್ಷ ಹಳೆಯ ವೀರಗಲ್ಲು, ದೇವಾಲಯದ ಶಿಲ್ಪಗಳಿಗೆ ಈ ಯಾವ ತಲೆನೋವೂ ಇಲ್ಲ. ಅವುಗಳಿಂದಲೇ ಆರಂಭಿಸಿ ಎನ್ನಲು ಅದೂ ಒಂದು ಕಾರಣ.

ಮನುಷ್ಯರ ವಿಚಾರದಲ್ಲಿ ಕಾನೂನಿಗಿಂತ ಮೊದಲು ಮರ್ಯಾದೆ. ಮುಖ ಗುರುತಾಗುವಂತೆ ತೆಗೆಯುವಾಗ ಕೇಳಿ. ಈ ಚಿತ್ರ ಜಗತ್ತಿನಲ್ಲಿ ಯಾರು ಬೇಕಾದರೂ ಬಳಸಬಹುದಾದ ಜಾಗಕ್ಕೆ ಹೋಗುತ್ತದೆ ಎಂಬುದನ್ನೂ ತಿಳಿಸಿ. ಮಕ್ಕಳಾದರೆ ಪೋಷಕರ ಒಪ್ಪಿಗೆಯಿಲ್ಲದೆ ಬೇಡ.

ಪರವಾನಗಿ: ಒಮ್ಮೆ ಕೊಟ್ಟರೆ ಕೊಟ್ಟಂತೆ

ಏರಿಸುವಾಗ ಪರವಾನಗಿ ಆರಿಸಬೇಕಾಗುತ್ತದೆ. ಹೆಚ್ಚಿನವರು ಒಪ್ಪುವುದು ಕ್ರಿಯೇಟಿವ್ ಕಾಮನ್ಸ್ ಬೈ-ಎಸ್‌ಎ 4.0. ಅದರ ಪ್ರಕಾರ ಯಾರಾದರೂ, ಹಣ ಮಾಡುವ ಉದ್ದೇಶದಿಂದಲೂ ನಿಮ್ಮ ಚಿತ್ರ ಬಳಸಬಹುದು, ಬದಲಿಸಬಹುದು. ನಿಮ್ಮ ಹೆಸರು ಹಾಕಬೇಕು, ಬದಲಿಸಿದ್ದನ್ನು ಇದೇ ಪರವಾನಗಿಯಲ್ಲಿ ಹಂಚಬೇಕು ಎಂಬುದಷ್ಟೇ ಷರತ್ತು. 'ವಾಣಿಜ್ಯ ಬಳಕೆಗೆ ಇಲ್ಲ' ಎಂಬ ಷರತ್ತಿನ ಚಿತ್ರಗಳನ್ನು ಕಾಮನ್ಸ್ ಸ್ವೀಕರಿಸುವುದಿಲ್ಲ. ಕೊಟ್ಟ ಪರವಾನಗಿಯನ್ನು ಹಿಂಪಡೆಯಲೂ ಆಗದು. ಕ್ಯಾಲೆಂಡರ್ ಮುದ್ರಿಸುವವರು ನಿಮ್ಮ ಚಿತ್ರ ಹಾಕಿ ಮಾರಿದರೆ ಹೊಟ್ಟೆ ಉರಿಯುತ್ತದೆಯೇ? ಹಾಗಿದ್ದರೆ ಆ ಚಿತ್ರವನ್ನು ಇಲ್ಲಿ ಏರಿಸಬೇಡಿ. ಚಿತ್ರ ಮಾರಿಯೇ ಜೀವನ ಸಾಗಿಸುವವರು ಮಾರಾಟಕ್ಕೆ ಬೇರೆ, ಕಾಮನ್ಸ್‌ಗೆ ಬೇರೆ ಎಂದು ಮೊದಲೇ ವಿಂಗಡಿಸಿಕೊಳ್ಳುವುದು ಜಾಣತನ.

ಏರಿಸುವ ಕ್ರಮ

ಮೂಲ ಕಡತವನ್ನೇ ಏರಿಸಿ. ವಾಟ್ಸ್ಆ್ಯಪ್ ಮೂಲಕ ಒಮ್ಮೆ ಹಾದುಬಂದ ಚಿತ್ರ ಕುಗ್ಗಿರುತ್ತದೆ, ಕ್ಯಾಮೆರಾ ಮಾದರಿ, ದಿನಾಂಕ ಮೊದಲಾದ ಮಾಹಿತಿಯೂ ಉದುರಿಹೋಗಿರುತ್ತದೆ. ಅಂಥ ಪುಟ್ಟ ಕಡತ ಕಂಡ ಕೂಡಲೇ ಗಸ್ತು ಕಾಯುವವರಿಗೆ 'ಎಲ್ಲಿಂದಲೋ ಎತ್ತಿದ್ದು' ಎಂಬ ಸಂಶಯ. ಐಫೋನ್ ಬಳಸುವವರ ಚಿತ್ರಗಳು ಎಚ್‌ಇಐಸಿ ಮಾದರಿಯಲ್ಲಿದ್ದರೆ ಜೆಪೆಗ್‌ಗೆ ಬದಲಿಸಿಕೊಳ್ಳಬೇಕು. ಚಿತ್ರದ ಮೂಲೆಯಲ್ಲಿ ಹೆಸರಿನ ಮುದ್ರೆ ಒತ್ತಬೇಡಿ; ನಿಮ್ಮ ಹೆಸರು ಹೇಗೂ ಪುಟದಲ್ಲಿರುತ್ತದೆ. ಇನ್ನೊಂದು ಎಚ್ಚರಿಕೆ: ಮೊಬೈಲ್ ತಾನಾಗಿ ಸೇರಿಸುವ ಸ್ಥಳದ ನಿರ್ದೇಶಾಂಕ ಸ್ಮಾರಕಕ್ಕೆ ವರ, ನಿಮ್ಮ ಮನೆಯಂಗಳದ ದಾಸವಾಳಕ್ಕೆ ಅಪಾಯ. ಮನೆಯಲ್ಲಿ ತೆಗೆದ ಚಿತ್ರವಾದರೆ ಆ ನಿರ್ದೇಶಾಂಕವನ್ನು ತೆಗೆದುಹಾಕಿ.

ಕಡತದ ಹೆಸರಿನ ಜಾಗದಲ್ಲಿ ಕ್ಯಾಮೆರಾ ಕೊಟ್ಟ ಅಂಕಿ-ಅಕ್ಷರಗಳನ್ನೇ ಬಿಟ್ಟರೆ ಕಾಮನ್ಸ್ ಒಪ್ಪುವುದಿಲ್ಲ. 'ಬೇಗೂರು ನಾಗೇಶ್ವರ ದೇವಾಲಯದ ವೀರಗಲ್ಲು, ಕೆಳಪಟ್ಟಿಕೆ' ಎಂದು ಕನ್ನಡದಲ್ಲೇ ಬರೆಯಬಹುದು.

ಮುಂದಿನದು ವಿವರಣೆ. ನನ್ನ ಮಟ್ಟಿಗೆ ಕೆಲಸದ ಅರ್ಧಭಾಗ ಇದೇ, ಆದರೆ ಛಾಯಾಗ್ರಾಹಕರು ಅತ್ಯಂತ ಸೋಮಾರಿಗಳಾಗುವುದೂ ಇಲ್ಲಿಯೇ. 'ಹಳೆಯ ಸುಂದರ ಕಲ್ಲು' ಎಂದರೆ ಯಾರಿಗೇನು ತಿಳಿದೀತು? 'ಬೆಂಗಳೂರಿನ ಬೇಗೂರು ನಾಗೇಶ್ವರ ದೇವಾಲಯದ ಬಳಿಯ, ಸುಮಾರು ಕ್ರಿ.ಶ. 890ರ ವೀರಗಲ್ಲು, ಇದರ ಶಾಸನದಲ್ಲಿ ಬೆಂಗಳೂರು ಕಾಳಗದ ಉಲ್ಲೇಖವಿದೆ' ಎಂದು ಬರೆದು ನೋಡಿ. ಚಿತ್ರ ಸುಮಾರಾಗಿದ್ದರೂ ಹುಡುಕುವವರ ಕೈಗೆ ಸಿಗುತ್ತದೆ. ಕಾಲ ಗೊತ್ತಿಲ್ಲದಿದ್ದರೆ ಊಹೆ ಬರೆಯಬೇಡಿ, ಊರು-ತಾಲ್ಲೂಕು-ಜಿಲ್ಲೆ ಬರೆಯಿರಿ. ಕನ್ನಡದ ಜೊತೆಗೆ ಇಂಗ್ಲಿಷ್‌ನಲ್ಲೂ ಒಂದು ಸಾಲು ಇದ್ದರೆ ಒಳ್ಳೆಯದು. ಚಿತ್ರಗಳನ್ನು ವಿಷಯವಾರು ಗುಂಪು ಮಾಡುವ ವರ್ಗಗಳ ಹೆಸರುಗಳು ಮಾತ್ರ ಹೆಚ್ಚಾಗಿ ಇಂಗ್ಲಿಷ್‌ನಲ್ಲೇ ಇರುತ್ತವೆ. ಹೊಸ ವರ್ಗ ಸೃಷ್ಟಿಸಲು ಹೋಗದೆ, ಅದೇ ಜಾಗದ ಬೇರೊಂದು ಚಿತ್ರ ಯಾವ ವರ್ಗದಲ್ಲಿದೆ ಎಂದು ನೋಡಿ ಅದನ್ನೇ ಬಳಸಿ.

ಮೊದಲ ನೋಟಿಸ್ ಬಂದಾಗ

ಬರುತ್ತದೆ. ನಿಮ್ಮ ಚರ್ಚೆಪುಟದಲ್ಲಿ 'ಈ ಕಡತವನ್ನು ಅಳಿಸಲು ಸೂಚಿಸಲಾಗಿದೆ' ಎಂಬ ಒರಟು ಸಂದೇಶ ಕಂಡು ಬೇಸರದಿಂದ ಬಿಟ್ಟು ಹೋದ ಒಳ್ಳೆಯ ಛಾಯಾಗ್ರಾಹಕರು ಕಡಿಮೆಯಿಲ್ಲ. ಅದು ಬಹುತೇಕ ಸಿದ್ಧ ಮಾದರಿಯ ಒಕ್ಕಣೆ, ನಿಮ್ಮ ಮೇಲಿನ ದ್ವೇಷವಲ್ಲ. ಅಳಿಸುವಿಕೆಯ ಚರ್ಚೆ ಸಾಮಾನ್ಯವಾಗಿ 7 ದಿನ ತೆರೆದಿರುತ್ತದೆ. ಅಲ್ಲಿಯೇ ಶಾಂತವಾಗಿ ಉತ್ತರಿಸಿ, ದೊಡ್ಡ ಅಳತೆಯ ಮೂಲ ಕಡತ ಇದ್ದರೆ ತಿಳಿಸಿ. ಚಿತ್ರವನ್ನು ಮೊದಲೇ ಫೇಸ್‌ಬುಕ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ಹಾಕಿದ್ದರೆ ಅದು ನಿಮ್ಮದೇ ಎಂದು ಇಮೇಲ್ ಮೂಲಕ ದೃಢಪಡಿಸುವ ವ್ಯವಸ್ಥೆಯೂ ಇದೆ. ಅಳಿಸಿದ ಚಿತ್ರವನ್ನು ಹಠದಿಂದ ಮತ್ತೆ ಮತ್ತೆ ಏರಿಸಿದರೆ ಮಾತ್ರ ಖಾತೆಗೇ ತಡೆ ಬೀಳುತ್ತದೆ.

ಹದ ಬಂದ ಮೇಲೆ

ಒಂದಿಷ್ಟು ಚಿತ್ರಗಳು ಸೇರಿದ ಮೇಲೆ ಒಳ್ಳೆಯದೊಂದನ್ನು 'ಗುಣಮಟ್ಟದ ಚಿತ್ರ' ಮನ್ನಣೆಗೆ ಸೂಚಿಸಬಹುದು. ಕನಿಷ್ಠ 2 ಮೆಗಾಪಿಕ್ಸೆಲ್ ಇರಬೇಕು, ಇನ್ನೊಬ್ಬ ಸದಸ್ಯರು ಪರೀಕ್ಷಿಸುತ್ತಾರೆ. ವಿಮರ್ಶೆ ಒಂದೆರಡು ಪದಗಳಲ್ಲಿ ಮುಗಿಯುತ್ತದೆ: ವಾಲಿದೆ, ಕಾಳುಕಾಳಾಗಿದೆ, ಅಂಚಿನಲ್ಲಿ ನೇರಳೆ ಗೆರೆಯಿದೆ. ದೇವಾಲಯ ತೆಗೆಯುವವರಿಗೆ ತಪ್ಪದೆ ಸಿಗುವ ಟೀಕೆ, ಗೋಪುರ ಹಿಂದಕ್ಕೆ ಬೀಳುವಂತಿದೆ ಎಂಬುದು. ಕ್ಯಾಮೆರಾ ಮೇಲಕ್ಕೆತ್ತಿದಾಗ ಲಂಬ ಗೆರೆಗಳು ಒಳಕ್ಕೆ ವಾಲುವುದೇ ಇದಕ್ಕೆ ಕಾರಣ. ದೂರ ಸರಿದು ಮಟ್ಟಸವಾಗಿ ಹಿಡಿಯಿರಿ, ಉಳಿದದ್ದನ್ನು ತಂತ್ರಾಂಶದಲ್ಲಿ ನೇರ ಮಾಡಿ. ಇದಕ್ಕೂ ಮೇಲಿನದು 'ವಿಶೇಷ ಚಿತ್ರ' ಮನ್ನಣೆ: 9 ದಿನಗಳ ಮತದಾನದಲ್ಲಿ ಕನಿಷ್ಠ 7 ಬೆಂಬಲ, ಅದೂ ಮೂರನೇ ಎರಡರಷ್ಟು ಬಹುಮತ ಬೇಕು. ಆತುರ ಬೇಡ.

ಸೆಪ್ಟೆಂಬರ್‌ನಲ್ಲಿ 'ವಿಕಿ ಲವ್ಸ್ ಮಾನ್ಯುಮೆಂಟ್ಸ್' ಸ್ಪರ್ಧೆ ಇರುತ್ತದೆ. 2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ಈ ಸ್ಪರ್ಧೆಯ 2011ರ ಆವೃತ್ತಿ ಜಗತ್ತಿನ ಅತಿ ದೊಡ್ಡ ಛಾಯಾಚಿತ್ರ ಸ್ಪರ್ಧೆಯೆಂದು ಗಿನ್ನೆಸ್ ದಾಖಲೆ ಸೇರಿತ್ತು. ಭಾರತ ಭಾಗವಹಿಸುವ ವರ್ಷಗಳಲ್ಲಿ ನಮ್ಮ ಸ್ಮಾರಕಗಳಿಗೂ ಅವಕಾಶ.

ಚಿತ್ರ ಏರಿಸಿ ಸುಮ್ಮನಾದರೆ ಅದು ಭಂಡಾರದಲ್ಲೇ ಕುಳಿತಿರುತ್ತದೆ. ನಿಮ್ಮೂರಿನ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಲೇಖನವಿದ್ದರೆ ಸಂಪಾದನೆಯ ಗುಂಡಿ ಒತ್ತಿ, 'ಸೇರಿಸು' ಪಟ್ಟಿಯಲ್ಲಿ ಚಿತ್ರ ಆರಿಸಿ, ಕಡತದ ಹೆಸರು ಹುಡುಕಿ ಕೂರಿಸಿ. ಅಡಿಬರಹ ಕನ್ನಡದಲ್ಲಿರಲಿ. ಸಿಕ್ಕಿಹಾಕಿಕೊಂಡರೆ ಕನ್ನಡ ವಿಕಿಪೀಡಿಯದ 'ಅರಳಿ ಕಟ್ಟೆ' ಎಂಬ ಚರ್ಚಾಪುಟದಲ್ಲಿ ಪ್ರಶ್ನೆ ಬರೆಯಿರಿ, ಉತ್ತರ ಅಲ್ಲಿಯೇ ಬರುತ್ತದೆ. ಚಿತ್ರವನ್ನು ಯಾವ ಯಾವ ಭಾಷೆಯ ಲೇಖನಗಳು ಬಳಸಿಕೊಂಡಿವೆ ಎಂಬ ಪಟ್ಟಿ ಕಾಮನ್ಸ್‌ನ ಆ ಚಿತ್ರದ ಪುಟದ ಕೆಳಭಾಗದಲ್ಲೇ ಕಾಣುತ್ತದೆ.