ಕ್ಯಾಸಲ್‌ರಾಕ್ ಮತ್ತು ಘಾಟಿನ ರೈಲು ಹಳ್ಳಿಗಳು: ನೋಡಿಬರುವ ಬಗೆ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ, ಗೋವಾ ಗಡಿಯ ಅಂಚಿನಲ್ಲಿರುವ ಕ್ಯಾಸಲ್‌ರಾಕ್ ರೈಲ್ವೆಯನ್ನೇ ನೆಚ್ಚಿಕೊಂಡು ಬೆಳೆದ ಪುಟ್ಟ ಊರು. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ದೂಧಸಾಗರ ಜಲಪಾತವನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡು ಬಂದು, ಊರನ್ನು ಕಣ್ಣೆತ್ತಿಯೂ ನೋಡದೆ ಮುಂದೆ ಸಾಗುತ್ತಾರೆ. ಒಂದು ಇಡೀ ಹಗಲನ್ನು ಊರಿಗೂ ಅದರ ಆಚೀಚಿನ ನಿಲ್ದಾಣಗಳಿಗೂ ಮೀಸಲಿಡುವವರಿಗೆ ಸಿಗುವ ನೋಟವೇ ಬೇರೆ. ಆದರೆ ಅದಕ್ಕೆ ರೈಲಿನ ಲೆಕ್ಕಾಚಾರ ಸರಿಯಾಗಿರಬೇಕು.

ಹೊರಡುವ ಮುನ್ನ ಊರಿನ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಂಡಿದ್ದರೆ ಕಣ್ಣಿಗೆ ಬೀಳುವುದಕ್ಕೆಲ್ಲ ಅರ್ಥ ಬರುತ್ತದೆ. ಬ್ರಿಟಿಷರಿಗೂ ಪೋರ್ಚುಗೀಸರಿಗೂ ನಡುವೆ 1878ರಲ್ಲಿ ಆದ ಒಪ್ಪಂದದ ಫಲವಾಗಿ, ಮುರಗಾಂವ್ ಬಂದರಿನಿಂದ ಸಹ್ಯಾದ್ರಿಯನ್ನೇರಿ ಬರುವ ಮೀಟರ್ ಗೇಜ್ (ಒಂದು ಮೀಟರ್ ಅಗಲದ) ಹಳಿಯನ್ನು 1880ರ ದಶಕದಲ್ಲಿ ಹಾಕಲಾಯಿತು. ಗೋವಾದ ಹಳಿ ಬ್ರಿಟಿಷ್ ಇಂಡಿಯಾದ ಹಳಿಯನ್ನು ಕೂಡುತ್ತಿದ್ದ ಗಡಿ ನಿಲ್ದಾಣವೇ ಕ್ಯಾಸಲ್‌ರಾಕ್. ಸುಂಕದ ತಪಾಸಣೆ ಈ ಬದಿಯಲ್ಲಿ ಇಲ್ಲಿ ನಡೆದರೆ, ಆ ಬದಿಯಲ್ಲಿ ಘಾಟಿನ ಬುಡದ ಕುಳೆಂನಲ್ಲಿ ನಡೆಯುತ್ತಿತ್ತು. 1961ರ ಡಿಸೆಂಬರ್‌ನಲ್ಲಿ ಗೋವಾ ವಿಮೋಚನೆಗೊಂಡ ಮೇಲೆ ಗಡಿ ಅಳಿಯಿತು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಹೆಚ್ಚು ಅಗಲದ ಬ್ರಾಡ್ ಗೇಜ್ ಹಳಿ ಬಂತು. ಊರಿನ ಗಾತ್ರಕ್ಕೆ ಹೊಂದದಷ್ಟು ಉದ್ದದ ನಿಲ್ದಾಣ, ಸುತ್ತಲಿನ ರೈಲ್ವೆ ಕ್ವಾರ್ಟರ್ಸ್‌ಗಳು ಇವೆಲ್ಲ ಏಕೆ ಎಂಬುದು ಈ ಹಿನ್ನೆಲೆಯಿಂದ ತಿಳಿಯುತ್ತದೆ.

ಹುಬ್ಬಳ್ಳಿ ಕಡೆಯಿಂದ ಬರುವವರು ಧಾರವಾಡ, ಅಳ್ನಾವರ ದಾಟಿ ಲೋಂಡಾ ಜಂಕ್ಷನ್‌ಗೆ ಬರಬೇಕು; ಬೆಳಗಾವಿಯವರಿಗೆ ಖಾನಾಪುರದ ಮೇಲೆ ಅದೇ ಲೋಂಡಾ. ಅಲ್ಲಿಂದ ತಿನೈಘಾಟ್, ನಂತರ ಕ್ಯಾಸಲ್‌ರಾಕ್. ಒಟ್ಟು 25 ಕಿ.ಮೀ. ಆಸುಪಾಸಿನ ಹಾದಿ. ಟಿಕೆಟ್ ಹುಡುಕುವಾಗ ಲೋಂಡಾಕ್ಕೆ ಎಲ್‌ಡಿ, ಕ್ಯಾಸಲ್‌ರಾಕ್‌ಗೆ ಸಿಎಲ್‌ಆರ್, ಕುಳೆಂಗೆ ಕ್ಯೂಎಲ್‌ಎಂ ಎಂಬ ಕೋಡ್‌ಗಳನ್ನು ಬಳಸಿದರೆ ಸುಲಭ. ಇಲ್ಲಿ ನಿಲ್ಲುವ ರೈಲುಗಳೇ ಕಡಿಮೆ, ಅವುಗಳಲ್ಲಿ ಹಗಲಿನಲ್ಲಿ ಬರುವಂಥವು ಇನ್ನೂ ಕಡಿಮೆ. ಆದ್ದರಿಂದ ಹೋಗುವ ರೈಲನ್ನು ಆರಿಸುವ ಮೊದಲು ವಾಪಸಿನ ರೈಲನ್ನು ಗೊತ್ತುಮಾಡಿಕೊಳ್ಳಿ. ಹೊರಡುವ ದಿನ ಬೆಳಗ್ಗೆ, ರೈಲುಗಳ ಓಡಾಟವನ್ನು ತಿಳಿಸುವ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ಎರಡನ್ನೂ ಮತ್ತೊಮ್ಮೆ ನೋಡಿಕೊಳ್ಳಿ. ರಸ್ತೆಯಲ್ಲಿ ಬರುವವರಿಗೆ ಜೋಯಿಡಾ ತಾಲ್ಲೂಕಿನದೇ ಆದ ರಾಮನಗರದ ಕಡೆಯಿಂದ ದಾರಿಯುಂಟು, ಆದರೆ ಬಸ್ಸನ್ನೇ ನಂಬಿ ಸಂಜೆಯವರೆಗೆ ಕೂರುವುದು ಜಾಣತನವಲ್ಲ.

ಕ್ಯಾಸಲ್‌ರಾಕ್‌ನಲ್ಲಿ ನಿಜವಾಗಿ ನೋಡಬೇಕಾದದ್ದು ರೈಲ್ವೆಯ ದುಡಿಮೆ. ಇಲ್ಲಿಂದ ಕುಳೆಂವರೆಗಿನ 26 ಕಿ.ಮೀ. ಬ್ರಗಾಂಜಾ ಘಾಟಿನ ಇಳಿಜಾರು 37ಕ್ಕೆ 1, ಅಂದರೆ 37 ಮೀಟರ್ ಸಾಗಿದರೆ ಒಂದು ಮೀಟರ್ ಇಳಿತ. ರೈಲಿಗೆ ಇದು ಬಹಳ ಕಡಿದು. ಬಂದರಿನಿಂದ ಕಲ್ಲಿದ್ದಲು ಹೊತ್ತು ಬರುವ ಗೂಡ್ಸ್‌ಗೆ ಮುಂದಿನ ಎಂಜಿನ್‌ಗಳು ಸಾಲದೆ ಹಿಂದಿನಿಂದ ಬ್ಯಾಂಕರ್ ಎಂಜಿನ್‌ಗಳನ್ನು ಕೊಟ್ಟು ತಳ್ಳಿಸಲಾಗುತ್ತದೆ. ಪ್ಲಾಟ್‌ಫಾರ್ಮ್‌ನ ಘಾಟಿನ ಕಡೆಯ ತುದಿಯಲ್ಲಿ ಕುಳಿತರೆ, ರೈಲು ಕಾಣುವುದಕ್ಕೆ ಎಷ್ಟೋ ಮೊದಲೇ ಅದರ ಏದುಸಿರು ಕಾಡಿನೊಳಗಿಂದ ಕೇಳಿಸುತ್ತದೆ. ಮುಂದಿನ ಎಂಜಿನ್‌ಗಳು ನಡೆಯುವ ವೇಗದಲ್ಲಿ ಬಂದು, ವ್ಯಾಗನ್‌ಗಳೆಲ್ಲ ಒಂದೊಂದಾಗಿ ಹಾದುಹೋದ ಮೇಲೆ, ಕೊನೆಯಲ್ಲಿ ತಳ್ಳುತ್ತಿರುವ ಎಂಜಿನ್‌ಗಳ ಗುಡುಗಿಗೆ ಕಾಲಕೆಳಗಿನ ನೆಲವೇ ಅದುರುತ್ತದೆ. ಇಳಿಯುವ ರೈಲುಗಳದ್ದು ಬೇರೆ ಕಥೆ: ಬ್ರೇಕ್ ಪರೀಕ್ಷೆ ಮುಗಿಯದೆ ಅವು ಹೊರಡುವಂತಿಲ್ಲ. ಫೋಟೊ ತೆಗೆಯುವುದಿದ್ದರೆ ಸ್ಟೇಷನ್ ಮಾಸ್ತರರನ್ನು ಕೇಳಿಯೇ ತೆಗೆಯಿರಿ. ಸಿಬ್ಬಂದಿಯನ್ನು ಅವರ ಕೆಲಸದ ನಡುವೆ ಮಾತಿಗೆಳೆಯಬೇಡಿ. ಡ್ಯೂಟಿ ಮುಗಿಸಿ ಚಹಾಕ್ಕೆ ಕುಳಿತವರು ತಾವಾಗಿಯೇ ಕನ್ನಡದಲ್ಲೋ ಕೊಂಕಣಿಯಲ್ಲೋ ಮಾತಿಗಿಳಿಯಬಹುದು.

ಘಾಟಿನ ಒಳಗಿನ ಕಾರಂಜೋಲ್, ದೂಧಸಾಗರ, ಸೋನಾವಳಿ ನಿಲ್ದಾಣಗಳು ಗೋವಾದ ಮಿತಿಯಲ್ಲಿವೆ. ಇವುಗಳನ್ನು ನೋಡಬೇಕಾದದ್ದು ರೈಲಿನ ಕಿಟಕಿಯಿಂದ ಮಾತ್ರ. ಹಳಿಯ ಮೇಲೆ ನಡೆದು ಜಲಪಾತಕ್ಕೆ ಹೋಗುವ ಹಳೆಯ ಚಾರಣದ ವರ್ಣನೆಗಳನ್ನು ಓದಿ ಹುರುಪುಗೊಂಡವರು ಇದನ್ನು ಗಮನಿಸಬೇಕು: ಹಳಿಯ ಮೇಲಿನ ಅತಿಕ್ರಮ ಪ್ರವೇಶ 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು, 1000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾನೂನಿನ ಮಾತು ಬಿಟ್ಟರೂ, ತಿರುವುಗಳೂ ಸುರಂಗಗಳೂ ತುಂಬಿದ ಹಾದಿಯಲ್ಲಿ ಎದುರಿನ ರೈಲು ಕಂಡಾಗ ಪಕ್ಕಕ್ಕೆ ಸರಿಯಲು ಎಷ್ಟೋ ಕಡೆ ಜಾಗವೇ ಇರುವುದಿಲ್ಲ. ಕಿಟಕಿಯ ನೋಟವೇನೂ ಕಡಿಮೆಯದಲ್ಲ. ಹಗಲಿನ ರೈಲಿನಲ್ಲಿ ಸ್ಲೀಪರ್ ಅಥವಾ ಜನರಲ್ ಬೋಗಿಯನ್ನೇ ಆರಿಸಿ, ಏಕೆಂದರೆ ಎ.ಸಿ. ಬೋಗಿಯ ಗಾಜು ಮಳೆಗಾಲದಲ್ಲಿ ಮಬ್ಬಾಗಿರುತ್ತದೆ. ಗೋವಾ ಕಡೆಗೆ ಇಳಿಯುವಾಗ ಕಣಿವೆ ಹೆಚ್ಚಾಗಿ ಬಲಬದಿಗೆ ತೆರೆದುಕೊಳ್ಳುತ್ತದೆ. 310 ಮೀಟರ್ ಎತ್ತರದ ಜಲಪಾತದ ನಡುವಿನ ಸೇತುವೆಯನ್ನು ರೈಲು ದಾಟುವಾಗ ಬಾಗಿಲಲ್ಲಿ ನೇತಾಡುವ ಹುಡುಗರನ್ನು ಒಳಕ್ಕೆ ಕರೆಯುವುದು ಜೊತೆಗಿರುವ ಹಿರಿಯರ ಕೆಲಸ.

ಕರ್ನಾಟಕದ ಬದಿಯ ಹಳ್ಳಿಗಳಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ತಿನೈಘಾಟ್ ಕಾಡಿನ ನಡುವಿನ ಸಣ್ಣ ನಿಲ್ದಾಣ. ಕುವೇಶಿಯಲ್ಲಿ ಅರಣ್ಯ ಇಲಾಖೆ ಮರಗಳ ನಡುವೆ ಕಟ್ಟಿಸಿದ ತೂಗು ನಡಿಗೆ ದಾರಿಯಿದೆ. ಅದು ತೆರೆದಿದೆಯೇ ಎಂಬುದನ್ನು ಇಲಾಖೆಯವರಲ್ಲಿ ಮೊದಲೇ ವಿಚಾರಿಸಿ. ಸುತ್ತಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶವಿರುವುದರಿಂದ ಅನುಮತಿಯಿಲ್ಲದೆ ಕಾಡಿಗೆ ಕಾಲಿಡುವುದಾಗಲಿ ಡ್ರೋನ್ ಹಾರಿಸುವುದಾಗಲಿ ಸಲ್ಲದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಾಟು ಅತ್ಯಂತ ಚೆಲುವಾಗಿರುತ್ತದೆ, ಅಷ್ಟೇ ಅನಿಶ್ಚಿತವೂ ಆಗಿರುತ್ತದೆ. 2021ರ ಜುಲೈನಲ್ಲಿ ದೂಧಸಾಗರ ಮತ್ತು ಸೋನಾವಳಿ ನಡುವೆ ಗುಡ್ಡ ಕುಸಿದು ಪ್ರಯಾಣಿಕರ ರೈಲೊಂದು ಹಳಿ ತಪ್ಪಿತ್ತು. ಭಾರಿ ಮಳೆಯಾದಾಗ ರೈಲುಗಳು ರದ್ದಾಗುವುದು, ಮಾರ್ಗ ಬದಲಿಸುವುದು ಇಲ್ಲಿ ಹೊಸದಲ್ಲ. ಮೊದಲ ಬಾರಿ ಬರುವವರಿಗೆ, ಅದರಲ್ಲೂ ವಯಸ್ಸಾದವರು ಜೊತೆಗಿದ್ದರೆ, ಅಕ್ಟೋಬರ್‌ನಿಂದ ಜನವರಿಯವರೆಗಿನ ಕಾಲವೇ ಲೇಸು ಎಂಬುದು ನನ್ನ ಅಭಿಪ್ರಾಯ. ಮಳೆಯಲ್ಲೇ ಬರುವಿರಾದರೆ ಉಂಬಳಕ್ಕೆ ಸುಣ್ಣ ಅಥವಾ ಉಪ್ಪು, ಕೈಯಲ್ಲಿ ನಗದು, ಚೀಲದಲ್ಲಿ ಬುತ್ತಿ ಇರಲಿ. ಮೊಬೈಲ್ ಸಿಗ್ನಲ್ ಎಲ್ಲೆಡೆ ಸಿಗದಿರುವುದರಿಂದ ಟಿಕೆಟ್ಟಿನ ವಿವರವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಜಲಪಾತದ ಬುಡಕ್ಕೇ ಹೋಗಬೇಕೆನ್ನುವವರು ರೈಲಿನಲ್ಲಿ ನೇರವಾಗಿ ಕುಳೆಂಗೆ ಇಳಿಯಬೇಕು. ಅಲ್ಲಿಂದ ಅಭಯಾರಣ್ಯದೊಳಕ್ಕೆ ಪರವಾನಗಿಯುಳ್ಳ ಜೀಪುಗಳು ಹೋಗುತ್ತವೆ. ಮಳೆಗಾಲದಲ್ಲಿ ಹೊಳೆಗಳು ತುಂಬುವುದರಿಂದ ಆ ಸೇವೆ ನಿಂತಿರುತ್ತದೆ. ರಜಾದಿನಗಳಲ್ಲಿ ಜೀಪಿಗೆ ಸರದಿ ಉದ್ದವಿರುವುದರಿಂದ ಕ್ಯಾಸಲ್‌ರಾಕ್ ಮತ್ತು ಜಲಪಾತ ಎರಡನ್ನೂ ಒಂದೇ ದಿನಕ್ಕೆ ತುರುಕದೆ, ರಾತ್ರಿ ಲೋಂಡಾದಲ್ಲೋ ಗೋವಾದಲ್ಲೋ ತಂಗುವ ಏರ್ಪಾಡು ಮಾಡಿಕೊಂಡು ಬನ್ನಿ.